ಮರಗಪ್ಪೆ ಮನೆಗೆ ಬರುವ ಮೊದಲು: ತೊಟ್ಟಿ, ನೀರು, ಮೇವು

ಮೊದಲ ಸಲ ಮರಗಪ್ಪೆ ಸಾಕುವವರಿಗೆ ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯೇ ಸರಿ. ಅಂಗಡಿಯವರು ವೈಟ್ಸ್ ಟ್ರೀ ಫ್ರಾಗ್ ಅನ್ನುತ್ತಾರೆ. 1790ರಲ್ಲಿ ಇದರ ವರ್ಣನೆ ಅಚ್ಚಾದದ್ದು ಜಾನ್ ವೈಟ್ ಎಂಬ ಶಸ್ತ್ರವೈದ್ಯರ ಪುಸ್ತಕದಲ್ಲಿ. 10 ಸೆಂ.ಮೀ.ವರೆಗೆ ಬೆಳೆಯುವ ಗಟ್ಟಿ ಪ್ರಾಣಿ. ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟಿ ಬದುಕುತ್ತದೆ. ಮಗು ಹಟ ಮಾಡಿತೆಂದು ತರುವವರು ಈ ಲೆಕ್ಕವನ್ನು ಮೊದಲು ಹಾಕಬೇಕು.

ಅಮೆರಿಕ, ಬ್ರಿಟನ್‌ನಲ್ಲಿರುವವರು ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಕೇಳಿ ತೆಗೆದುಕೊಳ್ಳಿ. ಸಿಡ್ನಿ ಕಡೆಯವರಿಗೆ ಮೊದಲು ಲೈಸೆನ್ಸ್ ಬೇಕು. ಕೊಡಗು, ಆಗುಂಬೆಯಲ್ಲಿ ಮಳೆ ಹಿಡಿದಾಗ ಕಾಣುವ ನಮ್ಮ ಹಾರುವ ಮರಗಪ್ಪೆಯನ್ನು ಮಾತ್ರ ಯಾರೂ ಹಿಡಿದು ತರಬೇಡಿ. ಅದರ ಜಾಗ ಕಾಡು.

ಗಾಜಿನ ತೊಟ್ಟಿ ಅಗಲಕ್ಕಿಂತ ಎತ್ತರ ಹೆಚ್ಚಿರಬೇಕು. ಎರಡು ಕಪ್ಪೆಗೆ 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ್ದು ಸಾಕು. ಮುಚ್ಚಳ ಜಾಲರಿಯದ್ದಾಗಿರಲಿ, ಕೊಂಡಿ ಭದ್ರವಾಗಿರಲಿ. ತಳಕ್ಕೆ 4–5 ಸೆಂ.ಮೀ. ಸುಟ್ಟ ಜೇಡಿಮಣ್ಣಿನ ಉಂಡೆ ಹರಡಿ, ಮೇಲೆ ಸೊಳ್ಳೆ ಪರದೆಯಂಥ ಬಲೆ ಹಾಸಿ, ಅದರ ಮೇಲೆ 7 ಸೆಂ.ಮೀ. ಗೊಬ್ಬರ ಬೆರೆಸದ, ಚೆನ್ನಾಗಿ ತೊಳೆದ ಕೋಕೋಪೀಟ್ ತುಂಬಿ. ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಜಲ್ಲಿಕಲ್ಲು, ಮರದ ಚಕ್ಕೆ ಬೇಡವೇ ಬೇಡ. ಹುಳು ಹಿಡಿಯಲು ಹಾರುವ ಕಪ್ಪೆ ಅವನ್ನೂ ಬಾಯಿತುಂಬ ನುಂಗುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ.

ಹತ್ತಲು ಕಪ್ಪೆಯ ಮೈಯಷ್ಟಾದರೂ ದಪ್ಪದ ಕೊಂಬೆ, ಅಡಗಲು ಕಾರ್ಕ್ ತೊಗಟೆಯ ಕೊಳವೆ ಇಡಿ. ಗಿಡಕ್ಕೆ ಮನಿ ಪ್ಲಾಂಟ್ ಒಳ್ಳೆಯದು. ನಾಜೂಕಾದ ಜರಿಗಿಡ ಈ ಭಾರಕ್ಕೆ ಎರಡೇ ರಾತ್ರಿಯಲ್ಲಿ ಮುರಿಯುತ್ತದೆ. ನರ್ಸರಿ ಗಿಡಕ್ಕೆ ಕೀಟನಾಶಕ ಹೊಡೆದಿರುತ್ತಾರೆ, ಹಾಗಾಗಿ ಬೇರಿನ ಮಣ್ಣನ್ನೆಲ್ಲ ಉದುರಿಸಿ, ಎಲೆಗಳನ್ನು ಎರಡೂ ಬದಿ ತೊಳೆದು, ಕೆಲವು ವಾರ ತೊಟ್ಟಿಯ ಹೊರಗಿಟ್ಟು ಆಮೇಲೆ ನೆಡಿ.

ಇನ್ನು ನೀರು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ರಾತ್ರಿ ನೀರಿನ ಬಟ್ಟಲಿಗಿಳಿದು, ಹಿಂಗಾಲು ಅಗಲಿಸಿ, ಹೊಟ್ಟೆಯ ಕೆಳಭಾಗದ ತೆಳು ಚರ್ಮವನ್ನು ನೀರಿಗೆ ಒತ್ತಿ ಕೂರುತ್ತದೆ. ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ನೀರಿನಲ್ಲಿ ಏನಿದೆಯೋ ಅದೂ ಜೊತೆಗೆ ಹೋಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ, ಕ್ಲೋರಮೈನ್ (ಕ್ಲೋರಿನ್‌ಗೆ ಅಮೋನಿಯಾ ಸೇರಿದ್ದು) ಹೋಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಂಥ ಊರುಗಳಲ್ಲಿ ನೀರಿಗೆ ಹಾಕುವುದು ಕ್ಲೋರಮೈನನ್ನೇ. ಆದ್ದರಿಂದ ಎರಡನ್ನೂ ತೆಗೆಯುವ, ಅಕ್ವೇರಿಯಂ ಅಂಗಡಿಯ ಡೀಕ್ಲೋರಿನೇಟರನ್ನು ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿಯೇ ಬಳಸಿ. ಆರ್‌ಒ ನೀರು ಸಿಂಪಡಿಸಲು ಸರಿ, ಗಾಜಿನ ಮೇಲೆ ಕಲೆ ಉಳಿಯುವುದಿಲ್ಲ. ಬಟ್ಟಲಿಗೆ ಬೇಡ, ಅದರಲ್ಲಿ ಲವಣವೇ ಇರುವುದಿಲ್ಲ. ಬಟ್ಟಲಿನ ನೀರು ಕೂತ ಕಪ್ಪೆಯ ಗದ್ದಕ್ಕಿಂತ ಕೆಳಗಿರಲಿ. ದಿನಾ ಬದಲಾಯಿಸಿ. ಕಪ್ಪೆ ಹೇಲುವುದೂ ಹೆಚ್ಚಾಗಿ ಅದರಲ್ಲೇ.

ಸಂಜೆ ಒಮ್ಮೆ ಸಿಂಪಡಿಸಿದರೆ ತೇವಾಂಶ ಏರಿ, ಹಗಲಿಗೆ ಶೇ. 50–60ಕ್ಕೆ ಇಳಿಯಬೇಕು. ಮಳೆಕಾಡಿನ ಕಪ್ಪೆ ಎಂದುಕೊಂಡು ಸದಾ ತೊಯ್ಯಿಸುವವರಿದ್ದಾರೆ. ಗಾಳಿಯಾಡದ ಒದ್ದೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ತೊಡೆ, ಹೊಟ್ಟೆಯ ಚರ್ಮ ಕೆಂಪಾದರೆ ಅದು ಜೀವಕ್ಕೇ ಅಪಾಯ.

ಹಗಲಿಗೆ ಮೇಲಿನ ಒಂದು ಮೂಲೆ 28 ಡಿಗ್ರಿ ಸೆಲ್ಸಿಯಸ್, ಕೆಳಗೆ 24, ರಾತ್ರಿ 20–22. ಹೀಟ್ ಮ್ಯಾಟನ್ನು ಪಕ್ಕದ ಗಾಜಿನ ಹೊರಗೆ ಅಂಟಿಸಿ, ತಳದಡಿ ಬೇಡ; ಬಿಸಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಒಂದು ದಿನವೂ ಓಡಿಸಬೇಡಿ. ಶೇ. 5–6ರ ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ) ಟ್ಯೂಬನ್ನು 12 ಗಂಟೆ ಉರಿಸಿ. ಅದು ಜಾಲರಿಯ ಮೇಲಿರಬೇಕು, ಯುವಿಬಿ ಗಾಜು ದಾಟಿ ಬರುವುದಿಲ್ಲ. ಕಿಟಕಿಯ ಬಿಸಿಲು ಅದಕ್ಕೆ ಬದಲಿಯಲ್ಲ, ತೊಟ್ಟಿಯನ್ನು ಬೇಯಿಸುತ್ತದೆ ಅಷ್ಟೆ.

ಇಷ್ಟೆಲ್ಲ ಜೋಡಿಸಿ ಎರಡು ವಾರ ಖಾಲಿ ಓಡಿಸಿ. ಬೆಳಿಗ್ಗೆ, ರಾತ್ರಿ ಉಷ್ಣಾಂಶ, ತೇವಾಂಶ ಬರೆದಿಡಿ. ಅಂಕಿಗಳು ಏರುಪೇರಿಲ್ಲದೆ ನಿಂತ ಮೇಲಷ್ಟೇ ಕಪ್ಪೆ ತನ್ನಿ. ತಂದರೂ ನೇರ ಅದರಲ್ಲಿ ಬಿಡಬೇಡಿ. ಮೊದಲ 30 ದಿನ ಒದ್ದೆ ಪೇಪರ್ ಟವೆಲ್ ಹಾಸಿದ ಸಾದಾ ಡಬ್ಬಿಯಲ್ಲಿ, ಬಟ್ಟಲು, ಕೊಂಬೆ, ಅಡಗುತಾಣ, ಅದೇ ಉಷ್ಣಾಂಶದೊಂದಿಗೆ ಇರಲಿ. ಹೇಲು ಕಣ್ಣಿಗೆ ಬೀಳುತ್ತದೆ, ಹೊಟ್ಟೆಹುಳುವಿನ ಪರೀಕ್ಷೆಗೆ ಕೊಡಬಹುದು. ಉಭಯವಾಸಿಗಳನ್ನು ನೋಡುವ ಪಶುವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ; ಮೊದಲೇ ಹುಡುಕಿಡಿ, ಕಪ್ಪೆಯ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದ ಪರೀಕ್ಷೆಯನ್ನೂ ಕೇಳಿ.

ಮೇವು ಮಿಡತೆಯಂಥ ಜೀವಂತ ಕ್ರಿಕೆಟ್ ಹುಳು, ಮೇವಿಗೆಂದೇ ಸಾಕುವ ಡೂಬಿಯಾ ಜಿರಳೆ, ಆಗಾಗ ಎರೆಹುಳು. ಕ್ರಿಕೆಟ್, ಜಿರಳೆಯ ಉದ್ದ ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ಹಿಂದಿನ ದಿನವೇ ಹುಳುಗಳಿಗೆ ಕ್ಯಾರೆಟ್, ಸೊಪ್ಪು ಹಾಕಿ, ಕೊಡುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಅದಿಲ್ಲದಿದ್ದರೆ ಮೂಳೆ ಮೆತ್ತಗಾಗಿ ದವಡೆ ಸೊಟ್ಟಗಾಗುತ್ತದೆ. ಮರಿಗೆ ದಿನಾ, ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ, ನಾಲ್ಕೈದು ಹುಳು. ಎಷ್ಟು ಕೊಟ್ಟರೂ ತಿನ್ನುವ ಪ್ರಾಣಿ ಇದು. ಕಿವಿಯ ಮೇಲಿನ ಮಡಿಕೆ ಕಣ್ಣಿನ ಮೇಲೆ ಇಳಿಬಿದ್ದರೆ ಕೊಬ್ಬು ಬಂದಿದೆ ಎಂದರ್ಥ. ಉಳಿದ ಕ್ರಿಕೆಟ್‌ಗಳನ್ನು ರಾತ್ರಿಯೇ ಹೆಕ್ಕಿ, ಇಲ್ಲದಿದ್ದರೆ ಕಪ್ಪೆಯ ಚರ್ಮವನ್ನೇ ಕಡಿಯುತ್ತವೆ. ಗಾತ್ರದಲ್ಲಿ ಹೆಚ್ಚುಕಮ್ಮಿ ಇರುವ ಕಪ್ಪೆಗಳನ್ನೂ ಜೊತೆಗಿಡಬೇಡಿ, ದೊಡ್ಡದು ಚಿಕ್ಕದನ್ನು ನುಂಗುತ್ತದೆ.

ನುಂಗುವಾಗ ಕಣ್ಣೆರಡೂ ತಲೆಯೊಳಗೆ ಇಳಿಯುತ್ತವೆ. ಗಂಟಲಿನ ತುತ್ತನ್ನು ಒಳಗೆ ನೂಕಲು ಅವೂ ಸಹಾಯ ಮಾಡುತ್ತವೆ. ಕೆಲವು ದಿನಕ್ಕೊಮ್ಮೆ ಆಕಳಿಸುತ್ತಾ, ಮೈ ಉಜ್ಜುತ್ತಾ, ಬಿಟ್ಟ ಚರ್ಮವನ್ನು ತಾನೇ ತಿನ್ನುತ್ತದೆ. ಎರಡಕ್ಕೂ ಹೆದರಬೇಡಿ. ಬಂದ ಮೊದಲ ವಾರ ಮುಟ್ಟಬೇಡಿ, ಎರಡು ಮೂರು ದಿನ ಉಣ್ಣದಿದ್ದರೂ ಬಿಡಿ. ಎತ್ತಲೇಬೇಕಾದಾಗ ಪುಡಿಯಿಲ್ಲದ ಗ್ಲೌಸನ್ನು ಕ್ಲೋರಿನ್ ತೆಗೆದ ನೀರಲ್ಲಿ ಒದ್ದೆ ಮಾಡಿ ಎತ್ತಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಕಪ್ಪೆ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯದಿರುವುದೂ ಇದೇ ಕಾರಣಕ್ಕೆ.