ಲೂಸ್ ಪೌಡರಿನ ಕಡತಕ್ಕೆ ಸಹಿ ಹಾಕುವ ಮುನ್ನ

ಬೆಂಗಳೂರಿನ ಸಣ್ಣದೊಂದು ಸೌಂದರ್ಯವರ್ಧಕ ಘಟಕದಲ್ಲಿ ಕಚ್ಚಾವಸ್ತುಗಳ ಸುರಕ್ಷತೆಯನ್ನು ಪರಿಶೀಲಿಸುವ ಕೆಲಸಕ್ಕೆ ಸೇರಿದಾಗ ನನಗಿದ್ದದ್ದು ಕ್ರೀಮು, ಲೋಷನ್ನುಗಳ ಅನುಭವ ಮಾತ್ರ. ಪ್ರಾಣಿಪ್ರಯೋಗದಲ್ಲಿ ಹಾನಿ ಕಾಣದ ಪ್ರಮಾಣವನ್ನು ಚರ್ಮದ ಮೂಲಕ ಒಳಸೇರಬಹುದಾದ ಪ್ರಮಾಣದಿಂದ ಭಾಗಿಸಿ, ಉತ್ತರ 100ಕ್ಕೆ ಕಡಿಮೆಯಿಲ್ಲದಿದ್ದರೆ ಸಹಿ ಹಾಕುವುದು ರೂಢಿ. ಮೊದಲ ಲೂಸ್ ಪೌಡರಿನ, ಅಂದರೆ ಒತ್ತಿ ಗಟ್ಟಿ ಮಾಡದ ಮುಖದ ಪುಡಿಯ, ಕಡತ ಮೇಜಿಗೆ ಬಂದಾಗಲೂ ಅದೇ ಲೆಕ್ಕ ಹಾಕಿದೆ. ಟಾಲ್ಕ್, ಟೈಟಾನಿಯಂ ಡೈಆಕ್ಸೈಡ್ ಎರಡೂ ನೀರಿನಲ್ಲಿ ಕರಗದ, ಚರ್ಮದೊಳಗೆ ಅಷ್ಟಾಗಿ ಇಳಿಯದ ಖನಿಜಗಳಾದ್ದರಿಂದ ಉತ್ತರ 100ನ್ನು ಸಲೀಸಾಗಿ ದಾಟಿತು.

ಸಹಿ ಹಾಕುವ ಮುನ್ನ ಮಾದರಿ ಡಬ್ಬಿಯನ್ನು ಕಿಟಕಿಯ ಬಳಿ ತೆರೆದು ಪಫ್ಫನ್ನು ಒಮ್ಮೆ ತಟ್ಟಿದೆ. ದಪ್ಪ ಕಣಗಳು ಮೇಜಿನ ಮೇಲೆ ಕೂತವು. ಉಳಿದದ್ದು ಓರೆಯಾಗಿ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ, ನಾನು ಟಿಪ್ಪಣಿ ಬರೆದು ಮುಗಿಸುವವರೆಗೂ, ಸರಿಯಾಗಿ ಮೂಗಿನ ಮಟ್ಟದಲ್ಲಿ ತೇಲುತ್ತಲೇ ಇತ್ತು. ಚರ್ಮದ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಅಂದಿನಿಂದ ಪುಡಿ ಯಾವುದೇ ಇರಲಿ, ಮೊದಲು ಕೇಳುವುದು ಕಣದ ಗಾತ್ರವನ್ನು. ಸರಬರಾಜುದಾರರ ಪತ್ರದಲ್ಲಿ ಸಾಮಾನ್ಯವಾಗಿ ‘200 ಮೆಷ್’ ಎಂದಿರುತ್ತದೆ, ಅಂದರೆ 75 ಮೈಕ್ರಾನಿನ ಕಣ್ಣುಗಳ ಜರಡಿಯನ್ನು ದಾಟಿದ ಪುಡಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ದಾಟಿದ್ದರಲ್ಲಿ ಎಷ್ಟು ಸಣ್ಣದಿದೆ ಎಂಬುದನ್ನು ಜರಡಿ ಹೇಳುವುದಿಲ್ಲ. ಸುಮಾರು 10 ಮೈಕ್ರಾನಿಗಿಂತ ಚಿಕ್ಕ ಕಣಗಳು ಮೂಗು, ಗಂಟಲನ್ನು ದಾಟಿ ಒಳಗೆ ಹೋಗಬಲ್ಲವು; 4 ಮೈಕ್ರಾನಿನ ಆಸುಪಾಸಿನವು ಶ್ವಾಸಕೋಶದ ತಳದ ಗಾಳಿಗೂಡುಗಳನ್ನೇ ತಲುಪಬಲ್ಲವು. ಹಾಗಾಗಿ ಲೇಸರ್ ಬೆಳಕಿನಿಂದ ಕಣದ ಗಾತ್ರಗಳನ್ನು ಅಳೆಯುವ ವಿಧಾನದ ಪೂರ್ತಿ ವರದಿಯನ್ನೇ ತರಿಸುತ್ತೇನೆ. ಆ ವರದಿಯನ್ನೂ ಸಾಂದ್ರತೆಯನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು: ಟೈಟಾನಿಯಂ ಡೈಆಕ್ಸೈಡಿನ ಸಾಂದ್ರತೆ ನೀರಿನದರ ಸುಮಾರು ನಾಲ್ಕು ಪಟ್ಟು ಇರುವುದರಿಂದ ಅದರ 3 ಮೈಕ್ರಾನಿನ ದುಂಡು ಕಣ ಗಾಳಿಯಲ್ಲಿ ಸುಮಾರು 6 ಮೈಕ್ರಾನಿನ ನೀರ ಹನಿಯಂತೆ ವರ್ತಿಸುತ್ತದೆ. ಯುರೋಪಿನ ನಿಯಮವು ಇಂಥ ಸಣ್ಣ ಕಣಗಳಿರುವ ಟೈಟಾನಿಯಂ ಡೈಆಕ್ಸೈಡಿಗೆ ಮುಖದ ಲೂಸ್ ಪೌಡರಿನಲ್ಲಿ ಶೇ 25ರ ಮಿತಿ ಹಾಕಿರುವುದು ಉಸಿರಿನ ಕಾರಣಕ್ಕೇ.

ಟಾಲ್ಕ್ ವಿಷಯದಲ್ಲಿ ಕಲ್ನಾರಿನ, ಅಂದರೆ ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರಬಲ್ಲ ಆಸ್ಬೆಸ್ಟಾಸಿನ, ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಬಳಪದ ಕಲ್ಲಿನಲ್ಲಿರುವ ಮೃದು ಖನಿಜವೇ ಟಾಲ್ಕ್. ನೆಲದೊಳಗೆ ಅದರ ನೆರೆಯಲ್ಲೇ ಟ್ರೆಮೊಲೈಟಿನಂಥ ಕಲ್ನಾರಿನ ಖನಿಜಗಳೂ ಇರಬಹುದು, ಗಣಿಯಿಂದ ಎರಡೂ ಒಟ್ಟಿಗೆ ಬರಬಹುದು. ಒಮ್ಮೆ ಬಂದ ಪ್ರಮಾಣಪತ್ರದಲ್ಲಿ ‘ಕಲ್ನಾರು ಇಲ್ಲ’ ಎಂಬ ಒಂದೇ ಸಾಲಿತ್ತು. ಯಾವ ಪರೀಕ್ಷೆ, ಪತ್ತೆಯ ಮಿತಿ ಎಷ್ಟು ಎಂಬುದಿರಲಿಲ್ಲ. ಒತ್ತಾಯಿಸಿ ಕೇಳಿದ ಮೇಲೆ, ಎಕ್ಸ್-ರೇ ಚದುರುವ ಬಗೆಯಿಂದ ಖನಿಜವನ್ನು ಗುರುತಿಸುವ ‘ಎಕ್ಸ್-ರೇ ಡಿಫ್ರಾಕ್ಷನ್’ ಮಾತ್ರ ಮಾಡಿದ್ದಾರೆ, ಪತ್ತೆಯ ಮಿತಿ ಶೇ 0.5 ಎಂದು ತಿಳಿಯಿತು. ಹಾಗೆಂದರೆ ಕಿಲೋಗೆ 5 ಗ್ರಾಂಗಿಂತ ತುಸು ಕಡಿಮೆ ಕಲ್ನಾರಿದ್ದರೂ ಆ ಪತ್ರ ‘ಇಲ್ಲ’ ಎಂದೇ ಹೇಳಬಹುದಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವರದಿ ಬಾರದೆ ಮೂಟೆ ಬಿಚ್ಚುವುದಿಲ್ಲವೆಂದೆ. ಖರೀದಿ ವಿಭಾಗದವರು ಮುಖ ಸಿಂಡರಿಸಿದರು, ಆದರೆ ಮೂಟೆ ಬಿಚ್ಚಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನೇ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿದ ಮೇಲೆ ಆ ಜಗಳ ನಿಂತಿದೆ.

ಟಾಲ್ಕ್ ಬದಲು ಮೆಕ್ಕೆಜೋಳದ ಪಿಷ್ಟ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಲ್ನಾರಿನ ಚಿಂತೆ ತಪ್ಪುವುದು ನಿಜ, ಆದರೆ ಸೂಕ್ಷ್ಮಜೀವಿಗಳ ಎಣಿಕೆ ಕಡ್ಡಾಯವಾಗುತ್ತದೆ. ಮುಲ್ತಾನಿ ಮಿಟ್ಟಿಯಲ್ಲಿ ಸೀಸ, ಆರ್ಸೆನಿಕ್ ಜೊತೆಗೆ ಶ್ವಾಸಕೋಶಕ್ಕೆ ಹಾನಿಕರವಾದ ಸ್ಫಟಿಕ ರೂಪದ ಸಿಲಿಕಾವನ್ನೂ ನೋಡುತ್ತೇನೆ. ‘ನೈಸರ್ಗಿಕ’ ಎಂಬ ಚೀಟಿಯನ್ನು ಓದುವುದಿಲ್ಲ.

ಆ ಮೊದಲ ಕಡತ ಕೊನೆಗೆ ಬೇರೆಯೇ ರೂಪದಲ್ಲಿ ಒಪ್ಪಿಗೆ ಪಡೆಯಿತು: ದಪ್ಪ ಕಣದ ಟಾಲ್ಕ್, ಕಣಗಳನ್ನು ಹಿಡಿದಿಡಲು ಸ್ವಲ್ಪ ಎಣ್ಣೆ, ಒತ್ತಿ ಮಾಡಿದ ಕಾಂಪ್ಯಾಕ್ಟ್. ಅದೇ ಕಿಟಕಿಯ ಬಳಿ ಮತ್ತೆ ಪಫ್ಫನ್ನು ತಟ್ಟಿ ನೋಡಿದೆ. ಬಿಸಿಲುಕೋಲಿನಲ್ಲಿ ಧೂಳು ಪೂರ್ತಿ ಹೋಗಿರಲಿಲ್ಲ, ಬಹಳಷ್ಟು ಇಳಿದಿತ್ತು. ಹಳೆಯ ಲೂಸ್ ಪೌಡರನ್ನು ಸುವಾಸನೆ ಬದಲಿಸಿ ಮಕ್ಕಳ ಡಬ್ಬಿಯಲ್ಲಿ ತುಂಬೋಣವೆಂಬ ಮಾರಾಟ ವಿಭಾಗದ ಸಲಹೆಗೆ ಮಾತ್ರ ನಾನು ಸಹಿ ಹಾಕಲಿಲ್ಲ.