ಊರ ರಸ್ತೆಗೆ ಜಲ್ಲಿ ಬೀಳುವ ಮೊದಲು

ಊರ ರಸ್ತೆ ಎರಡನೇ ಮಳೆಗಾಲಕ್ಕೇ ಕಿತ್ತುಹೋದರೆ ಬೈಗುಳವೆಲ್ಲ ಗುತ್ತಿಗೆದಾರನಿಗೆ. ಸರ್ವೆ ಮಾಡದೆ ಪಕ್ಕದೂರಿನ ಅಂದಾಜು ಪಟ್ಟಿ ತೆಗೆದು ಊರಿನ ಹೆಸರಷ್ಟೇ ಬದಲಿಸಿದ ದಿನವೇ ಎಷ್ಟೋ ರಸ್ತೆಗಳು ಕೆಟ್ಟಿರುತ್ತವೆ.

ಮೊದಲು ದುಡ್ಡಿನ ಮಾತು. ಸರ್ವೆ ಖರ್ಚು ಆಮೇಲೆ ಹೇಗೋ ಹೊಂದುತ್ತದೆ ಎಂದು ಬಿಟ್ಟರೆ ಸರ್ವೆಯೇ ಆಗುವುದಿಲ್ಲ. ಪಂಚಾಯಿತಿ ಕ್ರಿಯಾ ಯೋಜನೆಯಲ್ಲೇ ಇದಕ್ಕೆ ಬೇರೆ ಬಾಬ್ತು ತೋರಿಸಿ, ನಡಾವಳಿ ಬರೆಸಿ. ಹದ್ದುಬಸ್ತು ಶುಲ್ಕ, ಟೋಟಲ್ ಸ್ಟೇಷನ್ (ದೂರ, ಎತ್ತರ ಅಳೆಯುವ ಯಂತ್ರ) ತಂಡದ ಬಾಡಿಗೆ, ಗುಂಡಿ ತೋಡುವ ಕೂಲಿ, ಮಣ್ಣಿನ ಪರೀಕ್ಷೆ, ನಕ್ಷೆ ತಯಾರಿ ಎಲ್ಲವೂ ಅದರಲ್ಲಿ ಸೇರಲಿ.

ಆಮೇಲೆ ಗ್ರಾಮ ನಕ್ಷೆ ಹಿಡಿದು ದಾರಿಯುದ್ದ ನಡೆಯಿರಿ. ಎಂಜಿನಿಯರ್, ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಸದಸ್ಯರ ಜೊತೆ ಅಕ್ಕಪಕ್ಕದ ಜಮೀನಿನವರೂ ಇರಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಈ ನಡಿಗೆ ಕಡ್ಡಾಯ. ಡಾಂಬರಿನ ಅಗಲ 3.75 ಮೀಟರ್ ಆದರೂ ಬಯಲುಸೀಮೆಯಲ್ಲಿ ಅಂಚು ಸೇರಿ 7.5 ಮೀಟರ್ ಬೇಕು. ನಕ್ಷೆಯ ಬಂಡಿದಾರಿ ನೆಲದ ಮೇಲೆ ಯಾರದೋ ಬದುವಿಗೆ ಸೇರಿಹೋಗಿರುತ್ತದೆ. ಜಾಗಕ್ಕೆ ಆ ಯೋಜನೆ ದುಡ್ಡು ಕೊಡುವುದಿಲ್ಲ. ಬಿಟ್ಟುಕೊಡುವವರ ಒಪ್ಪಿಗೆ ಬರಹದಲ್ಲೇ ಇರಲಿ. ಬಾಯಿಮಾತಿನ ಒಪ್ಪಿಗೆ ಜೆಸಿಬಿ ಬಂದ ದಿನ ಮುರಿದುಬೀಳುತ್ತದೆ.

ಲೆವೆಲ್, ಅಂದರೆ ನೆಲದ ಎತ್ತರ-ತಗ್ಗಿನ ಅಳತೆ ತೆಗೆಯುವಾಗ ಸುಮಾರು 250 ಮೀಟರಿಗೊಂದು ಗುರುತು ಮಾಡಿ. ಗುಡಿಯ ಕಟ್ಟೆ, ಶಾಲೆಯ ಮೆಟ್ಟಿಲಿನಂಥ ಅಲುಗದ ಜಾಗವೇ ಆಗಬೇಕು. ಕ್ರಾಸ್ ಸೆಕ್ಷನ್, ಅಂದರೆ ದಾರಿಗೆ ಅಡ್ಡಲಾಗಿ ತೆಗೆಯುವ ಅಳತೆ, 50 ಮೀಟರಿಗೊಂದು. ರಸ್ತೆಯ ಮಣ್ಣಿನ ಏರಿಯ ಎತ್ತರದಲ್ಲಿ 10 ಸೆಂಟಿಮೀಟರ್ ತಪ್ಪಿದರೆ 7.5 ಮೀಟರ್ ಅಗಲಕ್ಕೆ ಕಿಲೋಮೀಟರಿಗೆ 750 ಘನ ಮೀಟರ್ ಮಣ್ಣು. ಟಿಪ್ಪರಿಗೆ ಆರು ಘನ ಮೀಟರ್ ಹಿಡಿದರೂ 125 ಲೋಡು!

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಮಣ್ಣಿನಲ್ಲಿ. ಕಿಲೋಮೀಟರಿಗೆ ಕನಿಷ್ಠ ಮೂರು ಕಡೆ ಗುಂಡಿ ತೋಡಿ; ಮಣ್ಣಿನ ಬಣ್ಣ ಬದಲಾದಲ್ಲಿ ಇನ್ನೊಂದು. ಮಣ್ಣು ಎಷ್ಟು ಭಾರ ತಾಳುತ್ತದೆಂದು ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ದಮ್ಮಸು ಮಾಡಿದ ಮಣ್ಣನ್ನು ಅಚ್ಚಿನ ಸಮೇತ ನಾಲ್ಕು ದಿನ ನೀರಲ್ಲಿಟ್ಟು, ಆಮೇಲೆ ಕಬ್ಬಿಣದ ದಿಂಡು ಒತ್ತಿ ನೋಡುತ್ತಾರೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ಎರೆಮಣ್ಣಿನ ಸಿಬಿಆರ್ ನೆನೆದಾಗ ಎರಡು-ಮೂರು ಶೇಕಡಕ್ಕೆ ಇಳಿಯುವುದು ಸಾಮಾನ್ಯ. ನೆನೆಸದೆ ಕೊಟ್ಟ ವರದಿಯನ್ನು ವಾಪಸ್ ಕಳಿಸಿ. ಎರೆಯ ಮೇಲೆ ನೇರ ಜಲ್ಲಿ ಹಾಸಿದರೆ ಮಣ್ಣು ಉಬ್ಬಿ, ಕುಗ್ಗಿ ಅಂಚಿನುದ್ದ ಉದ್ದುದ್ದ ಬಿರುಕು ಬಿಡುತ್ತದೆ. ಗಟ್ಟಿ ಮೊರಂ ತುಂಬುವುದೋ ಸುಣ್ಣ ಬೆರೆಸುವುದೋ ಅಂದಾಜಿನಲ್ಲೇ ತೀರ್ಮಾನವಾಗಬೇಕು.

ಮೋರಿಯ ಜಾಗಕ್ಕೆ ಹಿರಿಯರನ್ನು ಕೇಳಿ. ಹಳ್ಳ ಎಲ್ಲಿಯವರೆಗೆ ಏರಿತ್ತೆಂದು ಬೇವಿನ ಮರದ ಬೊಡ್ಡೆ ತೋರಿಸುತ್ತಾರೆ; ಅದನ್ನೂ ಲೆವೆಲ್ ಪುಸ್ತಕಕ್ಕೆ ಹತ್ತಿಸಿ. ವಿದ್ಯುತ್ ಕಂಬ, ಕುಡಿಯುವ ನೀರಿನ ಪೈಪು ಸರಿಸುವ ಖರ್ಚೂ ಪಟ್ಟಿಯಲ್ಲಿರಲಿ. ಇಲ್ಲವಾದರೆ ಡಾಂಬರು ಆರುವ ಮೊದಲೇ ನಲ್ಲಿ ಸಂಪರ್ಕಕ್ಕೆ ರಸ್ತೆ ಅಗೆಯುತ್ತಾರೆ.

ಇಷ್ಟಾದ ಮೇಲೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರು. ಕಡತ ಕಳಿಸುವ ಮುನ್ನ ಅಂದಾಜು ಯಾವ ವರ್ಷದ ಎಸ್‌ಆರ್ (ಇಲಾಖೆಯ ದರಪಟ್ಟಿ) ದರದ್ದೆಂದು ನೋಡಿಕೊಳ್ಳಿ. ದರ ಹಳೆಯದಾದರೆ ಟೆಂಡರಿಗೆ ಯಾರೂ ಬರುವುದಿಲ್ಲ, ಬಂದರೂ ಹೆಚ್ಚಿಗೆ ನಮೂದಿಸುತ್ತಾರೆ. ಕಡತ ಮತ್ತೆ ಮೇಜಿಗೆ ವಾಪಸ್.