ಬಾವಿ ನೀರಿನ ತಾಮ್ರವನ್ನು ಬಣ್ಣದಿಂದ ಅಳೆಯುವುದು: ನನ್ನ ಅನುಭವ

ಸವಣೂರಿನ ಎಲೆ ತೋಟಗಳಿಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮಿಶ್ರಣ) ಲೀಟರಿಗೆ ಸುಮಾರು 2500 ಮಿಗ್ರಾಂ ತಾಮ್ರ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು ಲೀಟರಿಗೆ 0.05 ಮಿಗ್ರಾಂ; ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಸ್ಪ್ರೇ ಟ್ಯಾಂಕ್ ತೊಳೆದ ನೀರು ಬಾವಿಯತ್ತ ಹರಿಯುವ ಕಡೆ ಅಳೆಯದೆ ಏನೂ ಹೇಳಬಾರದು.

ದ್ರಾವಣಕ್ಕೆ ಕುಡುಗೋಲು ಅದ್ದಿ, ಅಲಗು ಕೆಂಪಾದರೆ ಸುಣ್ಣ ಸಾಲದು ಎನ್ನುವುದು ತೋಟದವರಿಗೆ ಗೊತ್ತಿರುವ ಪರೀಕ್ಷೆ. ಟ್ಯಾಂಕಿಗೆ ಅದು ಸರಿ, ಬಾವಿಗೆ ನಡೆಯದು. ಅಮೋನಿಯಾ ಹಾಕಿದಾಗ ಬರುವ ನೀಲಿಯೂ ಹತ್ತಾರು ಮಿಗ್ರಾಂ ಇದ್ದರಷ್ಟೇ ಕಾಣುತ್ತದೆ.

ನಾನು ನೆಚ್ಚಿರುವುದು ನಿಯೋಕುಪ್ರೊಯಿನ್ ಎಂಬ, ತಾಮ್ರವನ್ನು ಬಣ್ಣದಿಂದ ತೋರಿಸುವ ರಾಸಾಯನಿಕವನ್ನು. ಇದು ಏಕವೇಲೆನ್ಸಿಯ ತಾಮ್ರದೊಡನೆ ಹಳದಿ-ಕಿತ್ತಳೆ ಬಣ್ಣ ಕೊಡುತ್ತದೆ; 457 ನ್ಯಾನೋಮೀಟರ್ ಸುತ್ತ ಬೆಳಕು ಹೀರುತ್ತದೆ. ಇದೇ ಬಳಗದ ಸಾದಾ ಫಿನಾಂತ್ರೊಲಿನ್ ಕಬ್ಬಿಣಕ್ಕೂ ಕೆಂಪಾಗುತ್ತದೆ, ನಮ್ಮ ಬೋರ್‌ ನೀರಿಗೆ ಅದು ಮೋಸವೇ. ನಿಯೋಕುಪ್ರೊಯಿನ್‌ನ ಎರಡು ಮೀಥೈಲ್ ಗುಂಪುಗಳು ಕಬ್ಬಿಣದ ಸುತ್ತ ಮೂರು ಅಣುಗಳು ಕೂಡಲು ಬಿಡುವುದಿಲ್ಲ. ತಾಮ್ರಕ್ಕೆ ಎರಡೇ ಸಾಕು.

ಬಫರ್ (ಪಿಎಚ್ ಅಲುಗದಂತೆ ಹಿಡಿಯುವ ದ್ರಾವಣ): 13.6 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್, 5 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 5 ಮಿಲೀ ಗ್ಲೇಶಿಯಲ್ ಅಸಿಟಿಕ್ ಆಮ್ಲ, ಒಟ್ಟು 100 ಮಿಲೀ. ಪಿಎಚ್ 5ರ ಹತ್ತಿರ ಬರಬೇಕು. ಸಿಟ್ರೇಟ್ ಕಬ್ಬಿಣವನ್ನು ತಳಕ್ಕಿಳಿಯದಂತೆ ಹಿಡಿದಿಡುತ್ತದೆ. ನಿಯೋಕುಪ್ರೊಯಿನ್ 100 ಮಿಗ್ರಾಂ, 100 ಮಿಲೀ ಎಥೆನಾಲ್‌ನಲ್ಲಿ. ಆಸ್ಕಾರ್ಬಿಕ್ ಆಮ್ಲ ಶೇ 1, ಆಯಾ ದಿನವೇ ಮಾಡಿದ್ದು. ಹಳೆಯದು ತಾನೇ ಹಳದಿಯಾಗಿ ಇಲ್ಲದ ತಾಮ್ರವನ್ನು ತೋರಿಸುತ್ತದೆ.

ಮಾದರಿ 10 ಮಿಲೀ, ಬಫರ್ 2 ಮಿಲೀ, ಆಸ್ಕಾರ್ಬಿಕ್ 1 ಮಿಲೀ. ನಿಮಿಷ ಬಿಟ್ಟು ನಿಯೋಕುಪ್ರೊಯಿನ್ 1 ಮಿಲೀ. ಹತ್ತು ನಿಮಿಷದ ನಂತರ ಓದು. ಆಸ್ಕಾರ್ಬಿಕ್ ಬಿಟ್ಟರೆ ತಾಮ್ರ ದ್ವಿವೇಲೆನ್ಸಿಯಲ್ಲೇ ಉಳಿದು ಈ ಬಣ್ಣ ಬರುವುದಿಲ್ಲ. ಹೋಲಿಕೆಗೆ 0.393 ಗ್ರಾಂ ಮೈಲುತುತ್ತವನ್ನು (ಪ್ರಯೋಗಾಲಯದ ಶುದ್ಧತೆಯದು) ಒಂದು ಲೀಟರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಗ್ರಾಂ ತಾಮ್ರ. ಅದನ್ನು ತೆಳು ಮಾಡಿ ಲೀಟರಿಗೆ 0, 0.25, 0.5, 1, 2, 4 ಮಿಗ್ರಾಂನ ಸಾಲು.

ತಿಳಿ ಹಳದಿಯನ್ನು ಬಿಳಿ ಹಾಳೆಯ ಮೇಲೆ ಹೋಲಿಸುವುದು ಕಣ್ಣಿಗೆ ಕಷ್ಟ. ಹಿಂದೆ ನೀಲಿ ಎಲ್‌ಇಡಿ ಇಟ್ಟರೆ ಅದೇ ಹಳದಿ ನೆರಳಿನಂತೆ ಕಪ್ಪಾಗಿ ಕಾಣುತ್ತದೆ; ತಾಮ್ರ ಹೆಚ್ಚಿದಷ್ಟೂ ಕಪ್ಪು. ಮೊಬೈಲಿನಲ್ಲಿ ಓದುವುದಾದರೆ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ, ನೀಲಿ ಚಾನೆಲ್‌ನ ಅಂಕಿಯನ್ನಷ್ಟೇ ತೆಗೆದುಕೊಳ್ಳಬೇಕು. ಒಂದು ಸೆಂಮೀ ಅಗಲದ ನಳಿಕೆಯಲ್ಲಿ 0.05 ಕಾಣದು, ಉದ್ದ ನೆಸ್ಲರ್ ನಳಿಕೆಗೆ (ಬಣ್ಣ ಹೋಲಿಸಲು ಬಳಸುವ ಚಪ್ಪಟೆ ತಳದ ಗಾಜಿನ ನಳಿಕೆ) ಎಲ್ಲವನ್ನೂ ಐದು ಪಟ್ಟು ಹಾಕಿ ಮೇಲಿನಿಂದ ನೋಡಿದರೂ ಅಲ್ಲಿ ಸುಳಿವಷ್ಟೇ ಸಿಗುತ್ತದೆ. ಆ ಮಟ್ಟಕ್ಕೆ ಉಪಕರಣವೇ ಬೇಕು.

ಮಾದರಿ ಹಿಡಿಯುವುದರಲ್ಲೇ ಅರ್ಧ ಕೆಲಸವಿದೆ. ಪಾಲಿಥೀನ್ ಬಾಟಲಿಯನ್ನು ಶೇ 10 ನೈಟ್ರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿರಬೇಕು. ಲೀಟರಿಗೆ 1.5 ಮಿಲೀ ಗಾಢ ನೈಟ್ರಿಕ್ ಹಾಕದಿದ್ದರೆ ತಾಮ್ರ ಗೋಡೆಗೆ ಅಂಟಿ ಇರುವುದಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಈ ಆಮ್ಲವನ್ನು ಮೇಲಿನ ಬಫರ್ ತಡೆಯುತ್ತದೆ, ಹತ್ತು ಪಟ್ಟು ತೆಳುವಾದ ಬಫರ್ ತಡೆಯದು. ಕರಗಿದ ತಾಮ್ರವಷ್ಟೇ ಬೇಕಿದ್ದರೆ ಆಮ್ಲ ಹಾಕುವ ಮೊದಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು; ಎರೆಮಣ್ಣಿನ ರಾಡಿಗೆ ಅಂಟಿದ್ದು ಆಮ್ಲ ಬಿದ್ದೊಡನೆ ಬಿಡಿಸಿಕೊಂಡು ಬರುತ್ತದೆ. ನಲ್ಲಿ ನೀರಾದರೆ ರಾತ್ರಿಯಿಡೀ ನಿಂತದ್ದು ಬೇರೆ, ಬಿಟ್ಟು ಹರಿಸಿದ್ದು ಬೇರೆ ತೆಗೆಯಬೇಕು. ಹಿತ್ತಾಳೆ ನಲ್ಲಿಯೇ ತಾಮ್ರ ಕೊಡುತ್ತಿರಬಹುದು. ಬ್ಲ್ಯಾಂಕ್‌ಗೆ (ತಾಮ್ರವಿಲ್ಲದ ಸೊನ್ನೆ ಮಾದರಿಗೆ) ಬಳಸುವ ಡಿಸ್ಟಿಲ್ಡ್ ನೀರೂ ತಾಮ್ರದ ಕೊಳವೆ ದಾಟಿ ಬಂದಿದ್ದರೆ ಇಡೀ ಸಾಲು ಕೆಡುತ್ತದೆ.

ಈ ವಿಧಾನದಲ್ಲಿ ನಾನು ಬಿಡದೆ ಮಾಡುವುದು ಸ್ಪೈಕ್, ಅಂದರೆ ಗೊತ್ತಿರುವಷ್ಟು ತಾಮ್ರ ಸೇರಿಸಿ ನೋಡುವುದು. ಅದೇ ಬಾವಿಯ ಇನ್ನೊಂದು 10 ಮಿಲೀ ನೀರಿಗೆ 0.1 ಮಿಲೀ ಮೂಲ ದ್ರಾವಣ (ಮೇಲೆ ಮಾಡಿದ ಲೀಟರಿಗೆ 100 ಮಿಗ್ರಾಂನದು) ಸೇರಿಸಿದರೆ ಅಂಕಿ ಸುಮಾರು 1 ಮಿಗ್ರಾಂ ಏರಬೇಕು. 0.8ಕ್ಕಿಂತ ಕಡಿಮೆ ಏರಿದರೆ ಸಲ್ಫೈಡ್ ಅಥವಾ ಕೊಳೆತ ಎಲೆಗಳ ಸಾವಯವ ವಸ್ತು ತಾಮ್ರವನ್ನು ಕಟ್ಟಿಹಾಕಿದೆ ಎಂದೇ ಹಿಡಿಯುತ್ತೇನೆ. ಆಗ ಫ್ಯೂಮ್ ಹುಡ್‌ನಲ್ಲಿ ನೈಟ್ರಿಕ್ ಹಾಕಿ ಮಾದರಿಯನ್ನು ಕುದಿಸಿ, ಆರಿಸಿ, ಪಿಎಚ್ ಸರಿಪಡಿಸಿ, ಮೊದಲಿನ ಪರಿಮಾಣಕ್ಕೆ ತಂದು ಮತ್ತೆ ಅಳೆಯುತ್ತೇನೆ; ಹಳೆಯ ಅಂಕಿಯನ್ನು ಯಾರಿಗೂ ಕೊಡುವುದಿಲ್ಲ.